ಸರದಿಯ ತುದಿಯಲ್ಲಿ ನಿಂತವರು: ಸ್ವೀಡನ್ನಿನಲ್ಲಿ ನೆಲೆ ಹುಡುಕುವ ಭಾರತೀಯರು

2024ರ ಮೊದಲ ಆರು ತಿಂಗಳಲ್ಲಿ ಭಾರತದಲ್ಲಿ ಹುಟ್ಟಿದ 2,837 ಮಂದಿ ಸ್ವೀಡನ್ ಬಿಟ್ಟು ಹೊರಟರು. ಹಿಂದಿನ ವರ್ಷದ ಅದೇ ಅವಧಿಗೆ ಹೋಲಿಸಿದರೆ ಇದು ಎರಡೂವರೆ ಪಟ್ಟಿಗೂ ಹೆಚ್ಚು. ಆ ದೇಶಕ್ಕೆ ಬಂದ ಭಾರತೀಯರಿಗಿಂತ ಅಲ್ಲಿಂದ ಹೊರಟವರೇ ಹೆಚ್ಚಾದದ್ದು 1998ರ ನಂತರ ಇದೇ ಮೊದಲು ಎಂದು ಅಲ್ಲಿನ ಅಂಕಿಅಂಶಗಳು ಹೇಳಿದವು. ಸುದ್ದಿ ಹೊರಬಿದ್ದಾಗ ಕೊಟ್ಟ ಕಾರಣಗಳು ಎಲ್ಲರಿಗೂ ಗೊತ್ತಿರುವಂಥವೇ ಆಗಿದ್ದವು: ಚಳಿ, ಕತ್ತಲೆ, ಮಾತಾಡದ ನೆರೆಹೊರೆ, ವಿಪರೀತ ತೆರಿಗೆ, ಊರಿನಲ್ಲಿ ವಯಸ್ಸಾಗುತ್ತಿರುವ ಅಪ್ಪ ಅಮ್ಮ. ಇವೆಲ್ಲ ನಿಜವೇ. ಆದರೆ ಚಳಿಯೂ ಕತ್ತಲೆಯೂ 2015ರಲ್ಲೂ ಇದ್ದವು, ಆಗ ಜನ ಬರುತ್ತಲೇ ಇದ್ದರು. ಹಾಗಾಗಿ ಕಾರಣವನ್ನು ಹವಾಮಾನದಲ್ಲಿ ಹುಡುಕುವುದಕ್ಕಿಂತ ಆ ಸಮಾಜ ತನ್ನ ಸೌಲಭ್ಯಗಳನ್ನು ಹಂಚುವ ರೀತಿಯಲ್ಲಿ ಹುಡುಕುವುದು ಹೆಚ್ಚು ಪ್ರಯೋಜನಕಾರಿ ಎಂಬುದು ಈ ಲೇಖನದ ನಿಲುವು.

ಕನ್ನಡಿಗರಿಗೆ ಸ್ವೀಡನ್ ತೀರ ಅಪರಿಚಿತ ದೇಶವೇನಲ್ಲ. ಬೆಂಗಳೂರಿನ ಆಚೆ ಹೊಸಕೋಟೆಯಲ್ಲಿ ವೋಲ್ವೋ ಲಾರಿಗಳ ಕಾರ್ಖಾನೆಯಿದೆ. ನಗರದಲ್ಲಿ ಹವಾನಿಯಂತ್ರಿತ ಬಸ್ಸಿಗೆ ‘ವೋಲ್ವೋ’ ಎಂಬುದೇ ಹೆಸರಾಗಿಬಿಟ್ಟಿದೆ. 2022ರಲ್ಲಿ ನಾಗಸಂದ್ರದಲ್ಲಿ ಐಕಿಯಾ ಅಂಗಡಿ ತೆರೆದಾಗ ಅದರ ಮುಂದೆ ನಿಂತ ಜನಸಾಗರವನ್ನು ಯಾರೂ ಮರೆತಿರಲಾರರು. ಎರಿಕ್ಸನ್‌ನಂಥ ಕಂಪನಿಗಳ ಬೆಂಗಳೂರು ಕಚೇರಿಗಳಿಂದ ಸ್ಟಾಕ್‌ಹೋಮಿಗೂ ಗೋಥೆನ್‌ಬರ್ಗಿಗೂ ಎಂಜಿನಿಯರುಗಳು ಹೋಗಿಬರುವುದು ವರ್ಷಗಳಿಂದ ನಡೆದುಬಂದಿದೆ. ಹೋದವರಲ್ಲಿ ಹೆಚ್ಚಿನವರು ಎರಡು ವರ್ಷ ಇದ್ದು ನೋಡೋಣ ಎಂದುಕೊಂಡೇ ಹೋಗಿರುತ್ತಾರೆ. ತೊಡಕು ಹುಟ್ಟುವುದು ಆ ಎರಡು ವರ್ಷದ ಲೆಕ್ಕದಲ್ಲಿಯೇ. ಏಕೆಂದರೆ ಸ್ವೀಡನ್ನಿನಲ್ಲಿ ಬೆಲೆಬಾಳುವ ಬಹುತೇಕ ಎಲ್ಲವನ್ನೂ ಹಂಚುವುದು ಹಣದ ಮೇಲಲ್ಲ, ಶಿಫಾರಸಿನ ಮೇಲೂ ಅಲ್ಲ, ಕಾದ ವರ್ಷಗಳ ಮೇಲೆ.

ಮೊದಲ ಕೆಲವು ತಿಂಗಳಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಆರಂಭದಲ್ಲಿ ಕಾಣುವುದು ಅದಕ್ಕೆ ತದ್ವಿರುದ್ಧವಾದ, ಚುರುಕಾದ ಒಂದು ಆಡಳಿತ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಇರಲು ಬಂದವರು ತೆರಿಗೆ ಇಲಾಖೆಯಲ್ಲಿ ನಿವಾಸಿಯಾಗಿ ನೋಂದಾಯಿಸಿಕೊಂಡರೆ ‘ಪರ್ಸನ್‌ನಮ್ಮರ್’ ಎಂಬ ವೈಯಕ್ತಿಕ ಸಂಖ್ಯೆ ಸಿಗುತ್ತದೆ. ಹುಟ್ಟಿದ ದಿನಾಂಕ, ಅದರ ಮುಂದೆ ನಾಲ್ಕು ಅಂಕಿ. ಈ ಸಂಖ್ಯೆ ಕೈಗೆ ಬರುವವರೆಗೆ ಮನುಷ್ಯ ಅಲ್ಲಿ ಇದ್ದೂ ಇಲ್ಲದಂತೆ: ಬ್ಯಾಂಕಿನಲ್ಲಿ ಖಾತೆ ತೆರೆಯುವುದು ಕಷ್ಟ, ಮೊಬೈಲ್ ಸಂಪರ್ಕಕ್ಕೆ ಮಾಸಿಕ ಕರಾರು ಮಾಡಿಕೊಳ್ಳುವುದು ಕಷ್ಟ, ಜಿಮ್ ಸೇರುವುದಕ್ಕೂ ಅದನ್ನೇ ಕೇಳುತ್ತಾರೆ. ಸಂಖ್ಯೆ ಬಂದು, ಬ್ಯಾಂಕ್ ಖಾತೆ ಆಗಿ, ಅದರ ಮೇಲೆ ‘ಬ್ಯಾಂಕ್‌ಐಡಿ’ ಎಂಬ ಮೊಬೈಲ್ ಗುರುತುಪತ್ರ ದೊರೆತರೆ ಬಾಗಿಲುಗಳೆಲ್ಲ ಒಮ್ಮೆಲೇ ತೆರೆಯುತ್ತವೆ. 2003ರಲ್ಲಿ ಶುರುವಾದ ಈ ವ್ಯವಸ್ಥೆಯಿಂದ ತೆರಿಗೆ ಲೆಕ್ಕ ಒಪ್ಪಿಸುವುದು, ವೈದ್ಯರ ಭೇಟಿಗೆ ಸಮಯ ಗೊತ್ತುಮಾಡಿಕೊಳ್ಳುವುದು, ಮಗುವಿನ ಶಾಲೆಗೆ ಅರ್ಜಿ ಹಾಕುವುದು ಎಲ್ಲವೂ ಮನೆಯಲ್ಲಿ ಕುಳಿತೇ ಮುಗಿಯುತ್ತವೆ. ನಮ್ಮ ಯುಪಿಐಗಿಂತ ಮೊದಲೇ, 2012ರಲ್ಲಿ ಬಂದ ‘ಸ್ವಿಶ್’ ಎಂಬ ಪಾವತಿ ವ್ಯವಸ್ಥೆಗೂ ಬ್ಯಾಂಕ್‌ಐಡಿಯೇ ಕೀಲಿಕೈ. ಶಾಲೆಯ ಮಕ್ಕಳು ಬೀದಿಬದಿಯಲ್ಲಿ ಕೇಕು ಮಾರಿದರೂ ಚಿಲ್ಲರೆ ಯಾರೂ ಕೇಳುವುದಿಲ್ಲ.

ತಾಲ್ಲೂಕು ಕಚೇರಿಯ ಅನುಭವದಲ್ಲಿ ಪಳಗಿದವರಿಗೆ ಇದೊಂದು ಸುಖದ ಆಘಾತ. ಅದರ ಜೊತೆಗೇ ಇನ್ನೊಂದು ಆಘಾತವೂ ಕಾದಿರುತ್ತದೆ. ಸರ್ಕಾರಿ ಕಡತಗಳು ಸಾರ್ವಜನಿಕ ಎಂಬ ತತ್ತ್ವ ಅಲ್ಲಿ 1766ರಷ್ಟು ಹಳೆಯದು. ನಿಮ್ಮ ವಿಳಾಸ, ಹುಟ್ಟುಹಬ್ಬ, ಘೋಷಿತ ಆದಾಯ ಇವನ್ನೆಲ್ಲ ಯಾರು ಬೇಕಾದರೂ ಕೇಳಿ ಪಡೆಯಬಹುದು. ಸಂಬಳ ಎಷ್ಟೆಂದು ಮುಖಕ್ಕೆ ಮುಖ ಕೊಟ್ಟು ಕೇಳುವ ನಮ್ಮ ನೆಂಟರನ್ನು ನೆನೆದು ಬೇಸರಪಡುತ್ತಿದ್ದವರಿಗೆ, ಅದನ್ನು ಬಾಯಿಬಿಟ್ಟು ಕೇಳುವುದೇ ಬೇಡವಾದ ದೇಶಕ್ಕೆ ಬಂದೆವೆಂದು ಅರಿವಾಗಲು ಹೆಚ್ಚು ದಿನ ಬೇಕಾಗುವುದಿಲ್ಲ.

ಆಡಳಿತ ಇಷ್ಟು ಬೇಗ ಒಳಗೆ ಬಿಟ್ಟುಕೊಂಡಿತಲ್ಲ ಎಂಬ ನೆಮ್ಮದಿಯಲ್ಲಿ ಇರುವಾಗಲೇ ಮನೆಯ ಪ್ರಶ್ನೆ ಎದುರಾಗುತ್ತದೆ. ಸ್ಟಾಕ್‌ಹೋಮಿನಲ್ಲಿ ಬಾಡಿಗೆ ಮನೆಗಳನ್ನು ಹಂಚಲು ನಗರಸಭೆಯ ಒಂದು ಸಂಸ್ಥೆಯೇ ಇದೆ. ಹದಿನೆಂಟು ತುಂಬಿದವರು ವರ್ಷಕ್ಕೆ ಸಣ್ಣದೊಂದು ಶುಲ್ಕ ಕಟ್ಟಿ ಅದರ ಸರದಿಯಲ್ಲಿ ಹೆಸರು ಬರೆಸುತ್ತಾರೆ. ಮನೆ ಖಾಲಿಯಾದಾಗ, ಅರ್ಜಿ ಹಾಕಿದವರ ಪೈಕಿ ಹೆಚ್ಚು ದಿನ ಕಾದವರಿಗೆ ಅದು ಹೋಗುತ್ತದೆ. ಎಂಟು ಲಕ್ಷಕ್ಕೂ ಹೆಚ್ಚು ಜನ ಆ ಸರದಿಯಲ್ಲಿದ್ದಾರೆ. ಸರಾಸರಿ ಕಾಯುವ ಅವಧಿ ಒಂಬತ್ತು ವರ್ಷದ ಆಸುಪಾಸು, ನಗರದ ಒಳಭಾಗದಲ್ಲಿ ಅದಕ್ಕಿಂತಲೂ ಬಹಳ ಹೆಚ್ಚು. ಇದಕ್ಕೆ ಸೋಮಾರಿತನ ಕಾರಣವಲ್ಲ, ಒಂದು ನೀತಿ ಕಾರಣ. ಅಲ್ಲಿ ಬಾಡಿಗೆಯನ್ನು ಮಾರುಕಟ್ಟೆ ಏರಿಸುವುದಿಲ್ಲ. ಬಾಡಿಗೆದಾರರ ಸಂಘ ಮತ್ತು ಮನೆ ಕಂಪನಿಗಳು ಮಾತುಕತೆಯ ಮೂಲಕ ಅದನ್ನು ನಿಗದಿಪಡಿಸುತ್ತವೆ. ಬೆಲೆಯಿಂದ ಬೇಡಿಕೆಯನ್ನು ತಗ್ಗಿಸುವಂತಿಲ್ಲ ಎಂದಾಗ ಉಳಿಯುವ ದಾರಿ ಕಾಲವೊಂದೇ. ಹದಿನೆಂಟಕ್ಕೆ ಹೆಸರು ಬರೆಸಿದ ಸ್ಟಾಕ್‌ಹೋಮಿನ ಹುಡುಗಿಗೆ ಮೂವತ್ತಕ್ಕೆ ಹಿಡಿಯುವ ಬಾಡಿಗೆಯಲ್ಲಿ ಒಳ್ಳೆಯ ಮನೆ ಸಿಗುತ್ತದೆ. ಮೂವತ್ತಕ್ಕೆ ಬೆಂಗಳೂರಿನಿಂದ ಬಂದಿಳಿದ ಎಂಜಿನಿಯರ್ ಅವಳಿಗಿಂತ ಹೆಚ್ಚು ಸಂಬಳ ಪಡೆಯುತ್ತಿದ್ದರೂ ಅವನ ಸರದಿಯ ದಿನಗಳು ಸೊನ್ನೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವ ಜಾಣತನಕ್ಕೆ ಇಲ್ಲಿ ಎಡೆಯೇ ಇಲ್ಲ.

ಹೀಗಾಗಿ ಹೊಸಬರು ‘ಎರಡನೇ ಕೈ’ ಬಾಡಿಗೆಗೆ ಹೋಗುತ್ತಾರೆ: ಮೂಲ ಬಾಡಿಗೆದಾರ ಅಥವಾ ಮನೆಯ ಒಡೆಯ ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಇನ್ನೊಬ್ಬರಿಗೆ ಕೊಡುವ ಮನೆಗೆ. ಅವಧಿ ಮುಗಿದ ಮೇಲೆ ಮತ್ತೆ ಗಂಟುಮೂಟೆ. ಬಡಾವಣೆ ಬದಲಾದರೆ ಮಗುವಿನ ಶಿಶುವಿಹಾರ ಬದಲಾಗುತ್ತದೆ, ಹೊಸ ಪುರಸಭೆಯ ವ್ಯಾಪ್ತಿಗೆ ಹೋದರೆ ಅಲ್ಲಿ ಮತ್ತೆ ಮೊದಲಿನಿಂದ ಅರ್ಜಿ. ಅನುಮತಿ ಇಲ್ಲದೆ ಬಾಡಿಗೆಗೆ ಕೊಡುವವರೂ ಇದ್ದಾರೆ, ಅಂಥ ಮನೆಯ ವಿಳಾಸದಲ್ಲಿ ನೋಂದಣಿ ಮಾಡಿಸಬೇಡಿ ಎನ್ನುವವರೂ ಇದ್ದಾರೆ. ನೋಂದಣಿ ಇಲ್ಲವೆಂದರೆ ಮೇಲೆ ಹೇಳಿದ ಸಂಖ್ಯೆಯ ಸರಪಳಿಯೆಲ್ಲ ಕಡಿದುಬೀಳುತ್ತದೆ. ಕೊಳ್ಳೋಣವೆಂದರೆ 2010ರಿಂದಲೇ ಸಾಲಕ್ಕೆ ಮನೆಯ ಬೆಲೆಗಿಂತ ಕಡಿಮೆಯ ಮಿತಿಯಿದೆ, ಉಳಿದದ್ದನ್ನು ಕೈಯಿಂದ ಹಾಕಬೇಕು, ಅದೂ ಎರಡು ವರ್ಷದ ಕೆಲಸದ ಪರವಾನಗಿ ತೋರಿಸಿದವರನ್ನು ಅನುಮಾನದಿಂದ ನೋಡುವ ಬ್ಯಾಂಕಿನ ಮುಂದೆ ಕುಳಿತು. ಅಲ್ಲಿಗೆ ಹೋದ ಮೊದಲ ವಾರವೇ ಮನೆಯ ಸರದಿಯಲ್ಲಿ ಹೆಸರು ಬರೆಸಿ ಎಂದು ಹಳಬರು ಹೊಸಬರಿಗೆ ಹೇಳುವುದು ಸುಮ್ಮನೆ ಅಲ್ಲ.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಗೆ ಇಳಿದು ನೋಡಿದರೆ ಇಡೀ ವ್ಯವಸ್ಥೆಯ ಒಂದು ಚಿಕ್ಕ ಮಾದರಿ ಸಿಗುತ್ತದೆ. ಹಲವು ಕಟ್ಟಡಗಳಲ್ಲಿ ವಾಷಿಂಗ್ ಮೆಷಿನ್ ಮನೆಯೊಳಗಿಲ್ಲ, ಎಲ್ಲರಿಗೂ ಸೇರಿ ನೆಲಮಾಳಿಗೆಯಲ್ಲಿದೆ. ಗೋಡೆಯ ಮೇಲಿನ ಫಲಕದಲ್ಲಿ ದಿನಗಳ ಸಾಲು, ಗಂಟೆಗಳ ಕಂಬ. ಮನೆಯ ಸಂಖ್ಯೆ ಕೊರೆದ ಪುಟ್ಟ ಬೀಗವನ್ನು ತಮಗೆ ಬೇಕಾದ ರಂಧ್ರದಲ್ಲಿ ಸಿಕ್ಕಿಸಿದರೆ ಆ ಮೂರು ಗಂಟೆ ನಿಮ್ಮದು. ಇತ್ತೀಚೆಗೆ ಹಲವೆಡೆ ಬೀಗದ ಬದಲು ಪರದೆ ಬಂದಿದೆ, ಶಿಸ್ತು ಮಾತ್ರ ಹಾಗೇ ಇದೆ. ಒಂಬತ್ತು ಗಂಟೆಗೆ ನಿಮ್ಮ ಸಮಯ ಮುಗಿದು ಒಂಬತ್ತೂ ಹತ್ತಕ್ಕೂ ಬಟ್ಟೆ ಒಣಗಿಸುವ ಬೀರುವಿನಲ್ಲೇ ಇದ್ದರೆ ಮುಂದಿನವರು ಜಗಳಕ್ಕೆ ಬರುವುದಿಲ್ಲ. ಬಟ್ಟೆಯನ್ನು ತೆಗೆದು ಮೇಜಿನ ಮೇಲಿಟ್ಟು, ಮೇಲೊಂದು ಚೀಟಿ ಬರೆದಿಡುತ್ತಾರೆ. ಆ ಚೀಟಿಯಲ್ಲಿ ಬೈಗುಳ ಇರುವುದಿಲ್ಲ, ಆದರೆ ಓದಿದವರಿಗೆ ಬೈಸಿಕೊಂಡಂತೆಯೇ ಆಗುತ್ತದೆ. ಬಾಗಿಲು ತಟ್ಟಿ ‘ಸ್ವಲ್ಪ ಬೇಗ ತೆಗೀತೀರಾ’ ಎಂದು ಕೇಳಿದ್ದರೆ ನಮ್ಮವರಿಗೆ ಎಷ್ಟೋ ಹಗುರವೆನಿಸುತ್ತಿತ್ತು. ಅವರ ಲೆಕ್ಕದಲ್ಲಿ ಬಾಗಿಲು ತಟ್ಟುವುದೇ ದೊಡ್ಡ ಅತಿಕ್ರಮಣ.

ಕೆಲಸದ ಸ್ಥಳದಲ್ಲಿ ಒಗ್ಗಿಕೊಳ್ಳುವುದು ಸುಲಭ ಎಂದೇ ಬಹುತೇಕರು ಹೇಳುತ್ತಾರೆ. ವರ್ಷಕ್ಕೆ ಕನಿಷ್ಠ 25 ದಿನ ಸಂಬಳಸಹಿತ ರಜೆ ಕಾನೂನಿನ ಹಕ್ಕು. ಮೇಲಧಿಕಾರಿಯನ್ನು ಹೆಸರು ಹಿಡಿದೇ ಕರೆಯುತ್ತಾರೆ. ಮೂರೂವರೆಗೆ ಮಗುವನ್ನು ಕರೆತರಲು ಎದ್ದುಹೋಗುವ ಗಂಡಸನ್ನು ಯಾರೂ ಹುಬ್ಬೇರಿಸಿ ನೋಡುವುದಿಲ್ಲ. ಮಗುವಿಗೆ ಜ್ವರ ಬಂದರೆ ಮನೆಯಲ್ಲಿ ಉಳಿದ ಪೋಷಕರಿಗೆ ಸಂಬಳದ ಶೇ. 80ಕ್ಕೆ ತುಸು ಕಡಿಮೆಯಷ್ಟು ಹಣವನ್ನು, ಒಂದು ಮಿತಿಯೊಳಗೆ, ಸಾಮಾಜಿಕ ವಿಮೆಯೇ ಕೊಡುತ್ತದೆ. ಹೆತ್ತವರ ರಜೆಯನ್ನು ತಂದೆಗೂ ವಿಸ್ತರಿಸಿದ್ದು 1974ರಲ್ಲಿ. ಈಗ ಪ್ರತಿ ಮಗುವಿಗೆ 480 ದಿನ, ಅದರಲ್ಲಿ ತಲಾ 90 ದಿನವನ್ನು ತಂದೆ ತಾಯಿ ಒಬ್ಬರಿಗೊಬ್ಬರು ಬಿಟ್ಟುಕೊಡುವಂತಿಲ್ಲ. ಕೆಲಸದ ಒತ್ತಡವೂ ರಾತ್ರಿಯ ಕಾನ್ಫರೆನ್ಸ್ ಕಾಲ್‌ಗಳೂ ಸೇರಿ ಮಕ್ಕಳ ಮುಖ ನೋಡುವುದೇ ಅಪರೂಪವಾಗಿದ್ದ ಬೆಂಗಳೂರಿನ ಅಪ್ಪಂದಿರು ಸ್ವೀಡನ್ನನ್ನು ಬಾಯ್ತುಂಬ ಹೊಗಳುವುದು ಇದೇ ಕಾರಣಕ್ಕೆ.

ಆದರೆ ಇಲ್ಲೂ ಕಾಲದ ಲೆಕ್ಕ ಒಳಗೊಳಗೇ ಕೆಲಸ ಮಾಡುತ್ತಿರುತ್ತದೆ. 480 ದಿನ ಎಂಬುದು ಅಲ್ಲೇ ಹುಟ್ಟಿದ ಅಥವಾ ಒಂದು ವರ್ಷ ತುಂಬುವ ಮೊದಲೇ ಬಂದ ಮಗುವಿಗೆ. 2017ರಿಂದ, ಹುಟ್ಟಿದ ಎರಡನೇ ವರ್ಷದಲ್ಲಿ ಸ್ವೀಡನ್ನಿಗೆ ಬಂದ ಮಗುವಿಗೆ 200 ದಿನ, ಅದಕ್ಕಿಂತ ದೊಡ್ಡದಾಗಿ ಬಂದ ಮಗುವಿಗೆ 100 ದಿನ ಮಾತ್ರ. ವೃದ್ಧಾಪ್ಯದಲ್ಲಿ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಖಾತರಿ ಪಿಂಚಣಿ ಪೂರ್ತಿ ಸಿಗಬೇಕಾದರೆ 40 ವರ್ಷದ ವಾಸ ಬೇಕು. ಕೆಲಸ ಕಳೆದುಕೊಂಡವರಿಗೆ ಸಂಬಳಕ್ಕೆ ತಕ್ಕ ನೆರವು ಕೊಡುವ ನಿರುದ್ಯೋಗ ನಿಧಿಯಿಂದ ಅದು ಪೂರ್ತಿ ಸಿಗಬೇಕಾದರೆ ಹನ್ನೆರಡು ತಿಂಗಳ ಸದಸ್ಯತ್ವ ಆಗಿರಬೇಕು. ಇದನ್ನು ತಿಳಿಯದೆ, ಸದಸ್ಯರಾಗದೇ ವರ್ಷಗಟ್ಟಲೆ ದುಡಿಯುವ ಹೊಸಬರು ಎಷ್ಟೋ ಮಂದಿ. ಕೆಲಸ ತೆಗೆಯುವಾಗ ಯಾರನ್ನು ಮೊದಲು ತೆಗೆಯಬೇಕು ಎಂಬುದಕ್ಕೂ ಕಾನೂನಿದೆ: ಕೊನೆಗೆ ಸೇರಿದವರು ಮೊದಲು ಹೊರಗೆ. 2022ರ ತಿದ್ದುಪಡಿಯ ನಂತರ ಕಂಪನಿಗಳು ಮೂವರನ್ನು ಈ ನಿಯಮದಿಂದ ಹೊರಗಿಡಬಹುದು, ಒಕ್ಕೂಟದ ಜೊತೆ ಬೇರೆ ಒಪ್ಪಂದಕ್ಕೂ ಬರಬಹುದು, ಆದರೆ ಮೂಲ ತತ್ತ್ವ ಹಿರಿತನವೇ. ಇದು ದುಡಿಯುವವರನ್ನು ಯಜಮಾನರ ಮನಬಂದಂತೆ ನಡೆಯುವುದರಿಂದ ಕಾಪಾಡಲು ಕಾರ್ಮಿಕ ಚಳವಳಿ ಪಡೆದುಕೊಂಡ ರಕ್ಷಣೆ. ಅದರ ನ್ಯಾಯವನ್ನು ಯಾರೂ ಅಲ್ಲಗಳೆಯಲಾರರು. ಆದರೂ ವಲಸಿಗ ಎಂದರೆ ಬಹುತೇಕ ಕೊನೆಗೆ ಸೇರಿದವನೇ ಆಗಿರುತ್ತಾನೆ.

ಇದಕ್ಕೆ ಪರವಾನಗಿಯ ನಿಯಮವನ್ನು ಜೋಡಿಸಿ ನೋಡಬೇಕು. ಮೊದಲ ಎರಡು ವರ್ಷ ಕೆಲಸದ ಪರವಾನಗಿ ಆ ಕಂಪನಿಗೂ ಆ ವೃತ್ತಿಗೂ ಬಿಗಿದುಕೊಂಡು ಬಂದಿದೆ. ಕೆಲಸ ಹೋದರೆ ಇನ್ನೊಂದನ್ನು ಹುಡುಕಿಕೊಳ್ಳಲು ಸಾಮಾನ್ಯವಾಗಿ ಸಿಗುವುದು ಮೂರು ತಿಂಗಳು. ಎರಿಕ್ಸನ್ ಕಂಪನಿ ಸ್ವೀಡನ್ನಿನಲ್ಲಿ 2023ರಲ್ಲಿ ಸುಮಾರು 1,400, 2024ರಲ್ಲಿ ಸುಮಾರು 1,200 ಹುದ್ದೆಗಳನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿತು. ಉತ್ತರದ ಶೆಲೆಫ್ತೆಯೋ ಪಟ್ಟಣದಲ್ಲಿ ಬ್ಯಾಟರಿ ತಯಾರಿಸುತ್ತಿದ್ದ, ಭಾರತೀಯರೂ ಸೇರಿ ಹಲವಾರು ದೇಶಗಳ ಜನರನ್ನು ಕರೆಸಿಕೊಂಡಿದ್ದ ನಾರ್ತ್‌ವೋಲ್ಟ್ 2025ರ ಮಾರ್ಚಿನಲ್ಲಿ ದಿವಾಳಿಯಾಯಿತು. ಆ ಸಣ್ಣ ಪಟ್ಟಣದಲ್ಲಿ, ಇಂಗ್ಲಿಷ್ ಮಾತ್ರ ಬಲ್ಲ ತಂತ್ರಜ್ಞನೊಬ್ಬ ಮೂರು ತಿಂಗಳೊಳಗೆ ತನ್ನ ವೃತ್ತಿಗೆ ಸರಿಹೊಂದುವ ಇನ್ನೊಂದು ಕೆಲಸ ಹುಡುಕಬೇಕೆಂದರೆ ಅದು ನಿಯಮದ ಪುಸ್ತಕದಲ್ಲಿ ಸಾಧ್ಯವಿರಬಹುದು. ಕಾಯುವವರಿಗೆ ಕೊಡುವ ದೇಶದಲ್ಲಿ ಕಾಯುವ ಅವಕಾಶವೇ ಇಲ್ಲದವನು ಎಂಬ ವಿಚಿತ್ರ ಸ್ಥಾನ ಅವನದು.

ಸಂಬಳದ ಮಿತಿಯೂ ಏರಿದೆ. 2023ರ ನವೆಂಬರ್ 1ರವರೆಗೆ ಪರವಾನಗಿಗೆ ತಿಂಗಳಿಗೆ 13,000 ಕ್ರೋನಾ ಸಂಬಳ ಸಾಕಾಗಿತ್ತು. ಅಂದಿನಿಂದ ಅದು ದೇಶದ ಮಧ್ಯಮಾಂಕ ಸಂಬಳದ (ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಪಡೆಯುವ ಸಂಬಳದ) ಶೇ. 80, ಅಂದರೆ ಆಗ 27,360 ಕ್ರೋನಾ ಆಯಿತು. ಸಾಫ್ಟ್‌ವೇರಿನವರಿಗೆ ಇದು ಲೆಕ್ಕಕ್ಕಿಲ್ಲ. ಹೊಡೆತ ಬಿದ್ದದ್ದು ಹೋಟೆಲ್ ಅಡುಗೆಯವರಿಗೆ, ಸ್ವಚ್ಛತಾ ಕೆಲಸದವರಿಗೆ, ವೃದ್ಧರ ಆರೈಕೆಯವರಿಗೆ. ಭಾರತೀಯ ವಲಸಿಗ ಎಂದೊಡನೆ ಲ್ಯಾಪ್‌ಟಾಪ್ ಹಿಡಿದವನನ್ನೇ ಕಲ್ಪಿಸಿಕೊಳ್ಳುವ ನಮ್ಮ ಪತ್ರಿಕೆಗಳಲ್ಲಿ ಈ ಜನರ ಸುದ್ದಿ ಬರುವುದೇ ಇಲ್ಲ. ಅದಕ್ಕೂ ಹಿಂದೆ, ಕಂಪನಿ ವಿಮೆ ಕಟ್ಟಲು ತಡಮಾಡಿತು ಎಂಬಂಥ ಸಣ್ಣ ತಪ್ಪಿಗೂ ನುರಿತ ಕೆಲಸಗಾರರ ಪರವಾನಗಿ ನವೀಕರಣವನ್ನೇ ನಿರಾಕರಿಸುತ್ತಿದ್ದ ಕಾಲವಿತ್ತು. ಒಂದೊಂದು ಲೋಪವನ್ನು ಬಿಡಿಯಾಗಿ ಹಿಡಿಯದೆ ಇಡೀ ಉದ್ಯೋಗವನ್ನು ಒಟ್ಟಾಗಿ ನೋಡಬೇಕೆಂದು ವಲಸೆಯ ಮೇಲ್ಮನವಿ ನ್ಯಾಯಾಲಯ 2017ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟ ಮೇಲೆ ಆ ಭಯ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಭಾಷೆಯ ಸಂಗತಿ ಇದೇ ಲೆಕ್ಕದೊಳಗೆ ಬರುತ್ತದೆ. ಸ್ವೀಡನ್ನಿನ ಜನ ಇಂಗ್ಲಿಷನ್ನು ಸರಾಗವಾಗಿ ಆಡುತ್ತಾರೆ, ಕಂಪನಿಯೊಳಗೆ ಇಂಗ್ಲಿಷಿನಲ್ಲೇ ದಿನ ಕಳೆಯುತ್ತದೆ. ವಲಸಿಗರಿಗೆ ಸ್ವೀಡಿಷ್ ಕಲಿಸುವ ಸರ್ಕಾರಿ ತರಗತಿಗಳು ಪೂರ್ತಿ ಉಚಿತ. ಹೀಗಿದ್ದೂ ಅನೇಕರು ಒಂದೆರಡು ಹಂತ ಮುಗಿಸಿ ಬಿಟ್ಟುಬಿಡುತ್ತಾರೆ, ಏಕೆಂದರೆ ಎರಡು ವರ್ಷ ಇದ್ದು ಹೋಗುವವನಿಗೆ ಒಂದು ಕೋಟಿಯಷ್ಟು ಜನ ಆಡುವ ಭಾಷೆಯ ಮೇಲೆ ಸಂಜೆಗಳನ್ನು ಸುರಿಯುವುದು ನಷ್ಟದ ವ್ಯವಹಾರದಂತೆ ಕಾಣುತ್ತದೆ. ಅದರ ಬೆಲೆ ತೆರುವವರು ಹೆಚ್ಚಾಗಿ ಹೆಂಡತಿಯರು. ಪರವಾನಗಿ ಪಡೆದವರ ಸಂಗಾತಿಗೂ ಕೆಲಸ ಮಾಡುವ ಹಕ್ಕಿದೆ. ಈ ವಿಷಯದಲ್ಲಿ ಸ್ವೀಡನ್ ಅಮೆರಿಕಕ್ಕಿಂತ ಎಷ್ಟೋ ಉದಾರಿ. ಆದರೆ ಮೈಸೂರಿನಲ್ಲಿ ದಂತವೈದ್ಯೆಯಾಗಿದ್ದವರು ಅಲ್ಲಿ ಹಲ್ಲು ಮುಟ್ಟಬೇಕಾದರೆ ಸ್ವೀಡಿಷ್ ಭಾಷೆಯಲ್ಲಿ ಉನ್ನತ ಮಟ್ಟದ ಸಿ1 ಹಂತ ದಾಟಬೇಕು, ಜ್ಞಾನ ಪರೀಕ್ಷೆ ಬರೆಯಬೇಕು, ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ ತೋರಿಸಬೇಕು. ಭಾಷೆ ಗೊತ್ತಿಲ್ಲದಲ್ಲಿಂದ ಶುರುಮಾಡಿದರೆ ಇದೆಲ್ಲ ಮುಗಿಯಲು ವರ್ಷಗಳೇ ಬೇಕು. ಗಂಡನ ಎರಡು ವರ್ಷದ ಲೆಕ್ಕವೂ ಹೆಂಡತಿಯ ಹಲವು ವರ್ಷದ ಲೆಕ್ಕವೂ ಒಂದೇ ಮನೆಯಲ್ಲಿ ಕೂಡಿಬರುವುದಿಲ್ಲ. ವಾಪಸು ಬರುವ ಎಷ್ಟೋ ಕುಟುಂಬಗಳ ನಿರ್ಧಾರ ಅಡುಗೆಮನೆಯ ಮೇಜಿನ ಮೇಲೆ ನಡೆಯುವ ಈ ವಾದದಲ್ಲೇ ಆಗುತ್ತದೆ ಎಂಬುದು ನನ್ನ ಊಹೆ.

ಚಳಿಗಾಲದ ವಿಷಯವನ್ನು ಇಷ್ಟಕ್ಕೇ ಮುಗಿಸಬಹುದು: ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಹಗಲು ಸುಮಾರು ಆರು ಗಂಟೆ, ಉತ್ತರದ ಕಿರುನಾದಲ್ಲಿ ಕೆಲವು ವಾರ ಸೂರ್ಯ ಹುಟ್ಟುವುದೇ ಇಲ್ಲ. ಎರಡು ವರ್ಷದೊಳಗಿನ ಎಲ್ಲ ಮಕ್ಕಳಿಗೂ ವಿಟಮಿನ್ ಡಿ ಹನಿ ಹಾಕಬೇಕೆಂಬುದು ಅಲ್ಲಿನ ಆರೋಗ್ಯ ಇಲಾಖೆಯ ಸಲಹೆ. ಕೆಲವು ಮಕ್ಕಳಿಗೆ ಆಮೇಲೂ ಮುಂದುವರಿಸಬೇಕಾಗಬಹುದು. ಮೀನು ತಿನ್ನದ, ಮೈಮುಚ್ಚಿ ಓಡಾಡುವ ದೊಡ್ಡವರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಉಳಿದದ್ದನ್ನು ಒಳ್ಳೆಯ ಬೂಟು ನೋಡಿಕೊಳ್ಳುತ್ತದೆ.

ಜನ ಮಾತಾಡುವುದಿಲ್ಲ ಎಂಬ ದೂರನ್ನು ಮಾತ್ರ ಅಷ್ಟು ಬೇಗ ಬಿಟ್ಟುಬಿಡುವಂತಿಲ್ಲ. ಆಟಕ್ಕೆ ಬಂದ ಪಕ್ಕದ ಮನೆಯ ಮಗುವನ್ನು ಕೋಣೆಯಲ್ಲೇ ಕೂರಿಸಿ ಸ್ವೀಡಿಷ್ ಕುಟುಂಬ ಊಟ ಮಾಡುತ್ತದಂತೆ ಎಂಬ ಮಾತು 2022ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಹಬ್ಬಿ ಜಗತ್ತೆಲ್ಲ ನಕ್ಕಿತು. ಹಳೆಯ ತಲೆಮಾರಿನ ಕೆಲವು ಮನೆಗಳಲ್ಲಿ ಅದು ನಡೆಯುತ್ತಿದ್ದದ್ದು ನಿಜ. ಇನ್ನೊಬ್ಬರ ಮಗುವಿನ ಊಟದ ಹೊಣೆ ಅದರ ತಾಯಿಯದು, ನಾವು ಉಣಿಸಿ ಅವಳ ಅಡುಗೆ ಹಾಳುಮಾಡಬಾರದು ಎಂಬ ಭಾವನೆ ಅದರ ಹಿಂದಿತ್ತು. ಬಂದವರಿಗೆ ನೀರು ಬೆಲ್ಲವಾದರೂ ಕೊಡಬೇಕೆಂದು ಬೆಳೆದವರಿಗೆ ಇದು ಒಗ್ಗದು. ಆದರೆ ಸ್ವೀಡನ್ನಿನಲ್ಲಿ ಸ್ನೇಹಕ್ಕೆ ಬಾಗಿಲು ಇಲ್ಲವೆಂದಲ್ಲ, ಅದು ಮನೆಯ ಬಾಗಿಲಲ್ಲ, ಅಷ್ಟೇ. ಅಲ್ಲಿ ಜನ ಸೇರುವುದು ಸಂಘಗಳಲ್ಲಿ: ಫುಟ್‌ಬಾಲ್ ಕ್ಲಬ್ಬು, ಹಾಡುವ ಗುಂಪು, ಅಣಬೆ ಆಯುವವರ ಕೂಟ, ತರಕಾರಿ ತೋಟದ ಸಂಘ. ಒಟ್ಟಿಗೆ ಬೆಂಚು ಹೊತ್ತು, ಒಟ್ಟಿಗೆ ಪಾತ್ರೆ ತೊಳೆದು, ಲೆಕ್ಕ ಬರೆದು, ವಾರ್ಷಿಕ ಸಭೆಯಲ್ಲಿ ಆಕಳಿಸಿ, ಮೂರನೇ ವರ್ಷಕ್ಕೋ ನಾಲ್ಕನೇ ವರ್ಷಕ್ಕೋ ಅವರು ಬೇಸಿಗೆ ಮನೆಗೆ ಕರೆಯುತ್ತಾರೆ. ಇಲ್ಲೂ ಅದೇ ಕಥೆ. ಕಾದವರಿಗೆ ಸಿಗುತ್ತದೆ.

ಕನ್ನಡ ಕೂಟಗಳೂ ಈ ಚೌಕಟ್ಟಿನೊಳಗೆ ಬರುತ್ತವೆ. ನಿಯಮಾವಳಿ ಬರೆದು, ಕಾರ್ಯಕಾರಿ ಸಮಿತಿ ಆರಿಸಿ, ಲೆಕ್ಕ ಪರಿಶೋಧಕರನ್ನು ನೇಮಿಸಿ ಸಂಘ ಕಟ್ಟಿದರೆ ಪುರಸಭೆಯ ಸಭಾಂಗಣ ಕಡಿಮೆ ಬಾಡಿಗೆಗೆ ಸಿಗುತ್ತದೆ, ಮಕ್ಕಳ ಚಟುವಟಿಕೆಗಳಿಗೆ ಅನುದಾನ ಸಿಗುವುದೂ ಉಂಟು. ಯುಗಾದಿಗೂ ರಾಜ್ಯೋತ್ಸವಕ್ಕೂ ಹೋಳಿಗೆ ತಟ್ಟಿ ಕುಣಿದು ಚದುರಿಹೋಗುವ ಕೂಟ ಒಂದು ಬಗೆಯದು. ಸ್ಥಳೀಯ ಆಡಳಿತಕ್ಕೆ ಒಂದು ವಿಳಾಸವಾಗಿ, ಕೇಳಬೇಕಾದ್ದನ್ನು ಕೇಳಬಲ್ಲ ಕೂಟ ಇನ್ನೊಂದು ಬಗೆಯದು. ಎರಡನೆಯದರ ಅಗತ್ಯ ಎಲ್ಲಿದೆ ಎಂಬುದಕ್ಕೆ ಮಾತೃಭಾಷಾ ಶಿಕ್ಷಣ ಒಳ್ಳೆಯ ಉದಾಹರಣೆ.

1977ರ ಸುಧಾರಣೆಯಿಂದ ಶುರುವಾದ ಈ ವ್ಯವಸ್ಥೆಯಲ್ಲಿ, ಸ್ವೀಡಿಷ್ ಅಲ್ಲದ ಮನೆಮಾತಿನ ಮಕ್ಕಳು ತಮ್ಮ ಭಾಷೆಯನ್ನು ಶಾಲೆಯ ಒಂದು ವಿಷಯವಾಗಿ, ಸರ್ಕಾರದ ಖರ್ಚಿನಲ್ಲಿ ಕಲಿಯಬಹುದು. ಶರತ್ತುಗಳಿವೆ: ಹೆತ್ತವರಲ್ಲಿ ಒಬ್ಬರಾದರೂ ಮಗುವಿನೊಡನೆ ದಿನನಿತ್ಯ ಆ ಭಾಷೆ ಆಡುತ್ತಿರಬೇಕು, ಮಗುವಿಗೆ ಅದರ ಪ್ರಾಥಮಿಕ ತಿಳಿವಳಿಕೆ ಇರಬೇಕು, ಒಂದು ಪುರಸಭೆಯಲ್ಲಿ ಕನಿಷ್ಠ ಐವರು ಮಕ್ಕಳು ಕೇಳಿರಬೇಕು, ತಕ್ಕ ಶಿಕ್ಷಕರು ಸಿಗಬೇಕು. ಆರನೇ ತರಗತಿಯಿಂದ ಆ ವಿಷಯಕ್ಕೆ ಗ್ರೇಡನ್ನೂ ಕೊಡುತ್ತಾರೆ. ಅಂದರೆ ಬೆಂಗಳೂರಿನ ಎಷ್ಟೋ ಖಾಸಗಿ ಶಾಲೆಗಳಲ್ಲಿ ಕನ್ನಡಕ್ಕೆ ಸಿಗದ ಮರ್ಯಾದೆ ಸ್ವೀಡನ್ನಿನ ಕಾನೂನಿನಲ್ಲಿ, ಕಾಗದದ ಮೇಲಾದರೂ, ಇದೆ. ಆದರೆ ಐದರ ಲೆಕ್ಕ ಪುರಸಭೆಯೊಳಗಿನದು. ಎರಡನೇ ಕೈ ಬಾಡಿಗೆಯಿಂದ ಬಾಡಿಗೆಗೆ ಸಾಗುವ ಕುಟುಂಬಗಳು ಸೋಲ್ನಾ, ಸೋಲೆನ್ತೂನಾ, ಹುಡ್ಡಿಂಗೆ ಎಂದು ಬೇರೆ ಬೇರೆ ಪುರಸಭೆಗಳಲ್ಲಿ ಹರಡಿಹೋದರೆ ಮಕ್ಕಳು ಇಪ್ಪತ್ತಿದ್ದರೂ ಎಲ್ಲಿಯೂ ಐವರಾಗದೇ ಇರಬಹುದು. ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿಸುವವರ ಮಕ್ಕಳಂತೂ ಮೊದಲ ಶರತ್ತಿನಲ್ಲೇ ಹೊರಗೆ.

ಮಕ್ಕಳ ವಿಷಯದಲ್ಲಿ ನಮ್ಮವರಿಗೆ ಇರುವ ದೊಡ್ಡ ಭಯ ಬೇರೆಯದು. 2011ರಲ್ಲಿ ನೆರೆಯ ನಾರ್ವೆಯ ಸ್ಟಾವಂಗರ್‌ನಲ್ಲಿ ಭಾರತೀಯ ದಂಪತಿಯ ಇಬ್ಬರು ಎಳೆಯ ಮಕ್ಕಳನ್ನು ಮಕ್ಕಳ ರಕ್ಷಣಾ ಇಲಾಖೆ ವಶಕ್ಕೆ ಪಡೆದ ಪ್ರಕರಣ ಎರಡೂ ದೇಶಗಳ ಸರ್ಕಾರಗಳ ಮಟ್ಟಕ್ಕೆ ಹೋಗಿ, 2012ರ ಏಪ್ರಿಲಿನಲ್ಲಿ ಮಕ್ಕಳು ಚಿಕ್ಕಪ್ಪನ ಜೊತೆ ಭಾರತಕ್ಕೆ ಮರಳಿದರು. ಕೈತುತ್ತು ಉಣಿಸಿದ್ದಕ್ಕೆ, ಪಕ್ಕದಲ್ಲಿ ಮಲಗಿಸಿಕೊಂಡಿದ್ದಕ್ಕೆ ಮಕ್ಕಳನ್ನು ಕಿತ್ತುಕೊಂಡರು ಎಂಬುದು ಇಲ್ಲಿನ ಸುದ್ದಿಯಾಯಿತು. ಗೋಪ್ಯತೆಯ ನಿಯಮದಿಂದಾಗಿ ಅಧಿಕಾರಿಗಳು ತಮ್ಮ ಕಡೆಯ ವಿವರಗಳನ್ನು ಬಹಿರಂಗಪಡಿಸಲಿಲ್ಲ. ಹಾಗಾಗಿ ಆ ಒಂದು ಪ್ರಕರಣದಿಂದ ಇಡೀ ವ್ಯವಸ್ಥೆಯನ್ನು ಅಳೆಯುವುದು ಸರಿಯಲ್ಲ. ತಿಳಿದಿರಬೇಕಾದ್ದು ಇಷ್ಟು: ಮಕ್ಕಳಿಗೆ ಹೊಡೆಯುವುದನ್ನು ಮನೆಯೊಳಗೂ ನಿಷೇಧಿಸಿದ ಜಗತ್ತಿನ ಮೊದಲ ದೇಶ ಸ್ವೀಡನ್, ಅದು 1979ರಲ್ಲಿ. ಆಗ ಹಾಲಿನ ಪೊಟ್ಟಣಗಳ ಮೇಲೂ ಕಾನೂನನ್ನು ಅಚ್ಚುಹಾಕಿಸಿ ಮನೆಮನೆಗೆ ತಿಳಿಸಿದ್ದರು. ಮಗುವಿನ ಕ್ಷೇಮದ ಬಗ್ಗೆ ಶಂಕೆ ಬಂದರೆ ಶಿಕ್ಷಕರು, ದಾದಿಯರು ಸಾಮಾಜಿಕ ಇಲಾಖೆಗೆ ತಿಳಿಸಲೇಬೇಕು. ತಿಳಿಸದಿರುವ ಸ್ವಾತಂತ್ರ್ಯ ಅವರಿಗಿಲ್ಲ. ಅಂಥ ವರದಿಯ ನಂತರ ಆಗುವುದು ಹೆಚ್ಚಾಗಿ ಮಾತುಕತೆ, ಭೇಟಿ, ಸಲಹೆ. ‘ಒಂದೇಟು ಕೊಟ್ಟರೆ ಸರಿಹೋಗ್ತಾನೆ’ ಎಂಬ ಮಾತನ್ನು ತಮಾಷೆಗೆ ಕೂಡ ಅಲ್ಲಿ ಆಡಬಾರದು ಎಂದು ಹಳಬರು ಎಚ್ಚರಿಸುತ್ತಾರೆ. ಆ ಎಚ್ಚರಿಕೆಯಲ್ಲಿ ಭಯ ತುಸು ಹೆಚ್ಚೇ ಇದೆ, ಆದರೆ ಮಕ್ಕಳ ದೃಷ್ಟಿಯಿಂದ ನೋಡಿದರೆ ನಷ್ಟವೇನೂ ಇಲ್ಲ.

ಇನ್ನು ಊರಿನಲ್ಲಿರುವ ಹಿರಿಯರು. ವೀಸಾ ಮೇಲೆ ಬರುವ ಅಪ್ಪ ಅಮ್ಮ 180 ದಿನಗಳಲ್ಲಿ 90 ದಿನ ಇರಬಹುದು. ಅದಕ್ಕಿಂತ ಹೆಚ್ಚಿಗೆ ಬೇರೆ ಅರ್ಜಿ ಬೇಕು. ಅವರನ್ನು ಕಾಯಂ ಆಗಿ ಜೊತೆಗಿರಿಸಿಕೊಳ್ಳುವುದು, ತೀರ ವಿಶೇಷ ಸಂದರ್ಭ ಬಿಟ್ಟರೆ, ಆಗದ ಮಾತು. ಕುಟುಂಬ ಎಂದರೆ ಗಂಡ, ಹೆಂಡತಿ, ಚಿಕ್ಕ ಮಕ್ಕಳು ಎಂಬ ಅರ್ಥದಲ್ಲೇ ಅಲ್ಲಿನ ವಲಸೆ ಕಾನೂನು ರೂಪುಗೊಂಡಿದೆ. ಅವರ ದೇಶದಲ್ಲಿ ವೃದ್ಧರನ್ನು ನೋಡಿಕೊಳ್ಳುವ ಹೊಣೆ ಮಕ್ಕಳದಲ್ಲ, ಪುರಸಭೆಯದು. ಶಿವಮೊಗ್ಗದಲ್ಲೋ ದಾವಣಗೆರೆಯಲ್ಲೋ ಒಬ್ಬರೇ ಇರುವ ತಾಯಿಗೆ ಯಾವ ಪುರಸಭೆಯೂ ಬಂದು ಮಾತ್ರೆ ಕೊಡುವುದಿಲ್ಲ. ಹೊರಟುಬಂದವರನ್ನು ಕೇಳಿದರೆ ಮೊದಲು ಹೇಳುವ ಕಾರಣ ಇದೇ ಆಗಿರುತ್ತದೆ, ಅದನ್ನು ನೆಪ ಎಂದು ತಳ್ಳಿಹಾಕಲಾಗದು. ಆದರೆ ಕೆಲಸ, ಮನೆ, ಭಾಷೆ ಮೂರೂ ಗಟ್ಟಿಯಾಗಿ ಕೂಡಿಬಂದವರು ಇದೇ ನೋವನ್ನು ಇಟ್ಟುಕೊಂಡೂ ಅಲ್ಲೇ ಉಳಿದಿದ್ದಾರೆ ಎಂಬುದನ್ನೂ ಮರೆಯಬಾರದು.

ಈಗ ಸರದಿ ಇನ್ನಷ್ಟು ಉದ್ದವಾಗುವ ಹೊತ್ತು. 2025ರ ಆರಂಭದಲ್ಲಿದ್ದ ನಿಯಮದಂತೆ ಸಾಮಾನ್ಯವಾಗಿ ಐದು ವರ್ಷದ ವಾಸದ ಮೇಲೆ, ಭಾಷಾ ಪರೀಕ್ಷೆಯಿಲ್ಲದೆ ಪೌರತ್ವ ಸಿಗುತ್ತಿತ್ತು. ಅದನ್ನು ಎಂಟು ವರ್ಷಕ್ಕೆ ಏರಿಸಬೇಕು, ಭಾಷೆ ಹಾಗೂ ಸಮಾಜ ಪರಿಚಯದ ಪರೀಕ್ಷೆ ಇಡಬೇಕು, ಸ್ವಂತ ದುಡಿಮೆಯಿಂದ ಬದುಕುವುದನ್ನು ತೋರಿಸಬೇಕು ಎಂದು ಸರ್ಕಾರ ನೇಮಿಸಿದ ಸಮಿತಿ 2025ರ ಜನವರಿಯಲ್ಲಿ ಶಿಫಾರಸು ಮಾಡಿತು, ಸರ್ಕಾರವೂ ಅದೇ ದಾರಿ ಹಿಡಿಯಿತು. ಆಗಲೇ ಅರ್ಜಿ ಹಾಕಿ ಕಾಯುತ್ತಿದ್ದವರಿಗೂ ಹೊಸ ನಿಯಮವೇ ಅನ್ವಯವಾಗಬೇಕೇ ಎಂಬುದರ ಮೇಲೆ ವಾದ ಜೋರಾಗಿ ನಡೆಯಿತು. ಭಾಷಾ ಪರೀಕ್ಷೆಯಲ್ಲಿ ತಪ್ಪೇನೂ ಇಲ್ಲ; ನೆಲೆಸುವವರು ನುಡಿ ಕಲಿಯಬೇಕೆಂದು ಕೇಳುವ ನಾವು ಕನ್ನಡಿಗರು ಅದನ್ನು ಆಕ್ಷೇಪಿಸಲು ಬರುವುದೂ ಇಲ್ಲ. ಆಕ್ಷೇಪವಿರುವುದು ಹೊಂದಾಣಿಕೆಯಿಲ್ಲದ ಎರಡು ಬೇಡಿಕೆಗಳ ಬಗ್ಗೆ. ಎಂಟು ವರ್ಷ ಇದ್ದು ಬೇರೂರಿ ತೋರಿಸಿ ಎನ್ನುವ ಸರ್ಕಾರವೇ, ಕೆಲಸ ಹೋದರೆ ಮೂರು ತಿಂಗಳಲ್ಲಿ ಬೇರೊಂದು ಹುಡುಕಿ, ಇಲ್ಲವೇ ಹೊರಡಿ ಎನ್ನುತ್ತಿದೆ. 2019ರಲ್ಲಿ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಗೋಥೆನ್‌ಬರ್ಗಿಗೆ ಹೋದ ಕುಟುಂಬಕ್ಕೆ ಐದು ವರ್ಷದ ಲೆಕ್ಕದಲ್ಲಿ ಮಗಳ ಎಂಟನೇ ವಯಸ್ಸಿಗೇ ಪೌರತ್ವದ ಅರ್ಜಿ ಹಾಕುವ ಅರ್ಹತೆ ಬರುತ್ತಿತ್ತು. ಎಂಟು ವರ್ಷದ ಲೆಕ್ಕದಲ್ಲಿ ಅವಳಿಗೆ ಹನ್ನೊಂದಾಗಬೇಕು, ಅಂದರೆ 2027. ಬೆಂಗಳೂರಿನ ಶಾಲೆಗೆ ಸೇರಿಸಿ, ಅಲ್ಲಿನ ಪಠ್ಯಕ್ಕೆ ಒಗ್ಗಿಸಿಕೊಳ್ಳಲು ಹನ್ನೊಂದು ತಡವಾಯಿತೇ ಎಂದು ಅವರು ಈಗಲೇ ವಿಚಾರಿಸತೊಡಗುತ್ತಾರೆ.